ಕಾಮಾಲೆ ಅಂತ ಹೇಳಿದ ನಲವತ್ತು ದಿನ

"...ಡೆಂಗೆ ಅಂದ್ಲಲ್ಲೇ ನಿಮ್ಮಮ್ಮ! ನೀನೂ ಕೇಳಿಸ್ಕೊಂಡೆ ತಾನೆ? ಫೋನಲ್ಲಿ ಯಾರಿಗೆ ಹೇಳಿದ್ದು, ಹಳೇಬೀಡಿನ ನಿಮ್ಮ ಚಿಕ್ಕಮ್ಮಂಗಾ? ಅಲ್ಲ, ಅರಸೀಕೆರೆಯೋರಿಗೆ. ಯಾರಿಗೋ ಒಬ್ರಿಗೆ. 'ಕಿರಣಂಗೆ ಡೆಂಗೆ ಕಣ್ರೀ, ಪ್ಲೇಟ್ಲೆಟ್ಟು ಇಳಿದೋಗೈತೆ, ಮಾತಾಡಕ್ಕೂ ತ್ರಾಣ ಇಲ್ಲ' ಅಂತ. ಅಬ್ಬಬ್ಬಾ, ಪ್ಲೇಟ್ಲೆಟ್ಟೂ ಇಳಿಸ್ಬಿಟ್ಲು! ಸುಳ್ಳು ಹೇಳೋದನ್ನ ನನ್ನ ಮಗಳ ಹತ್ರ ಕಲೀಬೇಕು. ಇಲ್ಲ ಇಲ್ಲ, ತಪ್ಪು ಹೇಳ್ದೆ. ಅವಳು ಕಲ್ತಿದ್ದೇ ನನ್ನ ಹತ್ರ."

ಜಗಲಿ ಮೇಲೆ ನಾವು ಮೂವರು ಅವರೆಕಾಯಿ ಸುಲಿಯುತ್ತಾ ಕೂತಿದ್ದೆವು. ಅಜ್ಜಿ, ನಾನು, ನನ್ನ ತಂಗಿ ಸಿಂಚನ. ನಮ್ಮಣ್ಣ ಕಿರಣ ಮಿಲಿಟರಿಯಿಂದ ರಜೆಗೆ ಬಂದು ಮೂರು ವಾರ ಆಗಿತ್ತು, ಇನ್ನು ಎಂಟು ದಿನಕ್ಕೆ ವಾಪಸ್ ಹೋಗಬೇಕಿತ್ತು. ಬಂದಾಗಿನಿಂದ ಮುಂದಿನ ಕೋಣೆ ಬಿಟ್ಟು ಹೊರಗೆ ಬಂದಿದ್ದು ಕಮ್ಮಿ. ಗೋಡೆಗೆ ಬೆನ್ನು ಕೊಟ್ಟು, ಬಾಗಿಲ ಕಡೆ ಮುಖ ಮಾಡಿ ಕೂತಿರುತ್ತಾನೆ. ನಿದ್ದೆ ಮಾಡಿದ್ದು ನಾನು ನೋಡಿಲ್ಲ. ಅವನ ಜೊತೆ ಒಂದೇ ಟೆಂಟಿನಲ್ಲಿದ್ದ ಹುಡುಗ ಸತ್ತ ಅಂತ ಮಾತ್ರ ಅಮ್ಮನಿಗೆ ಹೇಳಿದ್ದಾನೆ, ಅದಕ್ಕಿಂತ ಹೆಚ್ಚಿಗೆ ಒಂದು ಮಾತೂ ಇಲ್ಲ. ಆ ಕೋಣೆಯ ಕಿಟಕಿ ನಾವು ಕೂತಿದ್ದ ಜಗಲಿಗೇ ಇತ್ತು. ಮುಚ್ಚಿತ್ತು.

"ನಿಮ್ಮ ತಾತ ಲಂಕೆಯಿಂದ ಬಂದಾಗ," ಅಂದರು ಅಜ್ಜಿ, ಸ್ವಲ್ಪ ಗಟ್ಟಿಯಾಗಿ.

"ಲಂಕೆಗೆ ಪಾಸ್‌ಪೋರ್ಟ್ ಇತ್ತಾ ಅಜ್ಜಿ ತಾತಂಗೆ?" ಸಿಂಚನ ಕೇಳಿದಳು.

"ಪಾಸ್‌ಪೋರ್ಟೂ ಇಲ್ಲ ಏನೂ ಇಲ್ಲ, ಬಂದೂಕ ಕೊಟ್ಟು ಹಡಗಿಗೆ ಹತ್ತಿಸಿದ್ರಂತೆ. ನಮ್ಮ ಸೈನ್ಯ ಅಲ್ಲಿಗೆ ಹೋಗಿತ್ತಲ್ಲ ಆಗ, ಅಲ್ಲಿ ಜಗಳ ನಡೀತಿತ್ತು, ಇವರು ಬಿಡಿಸೋಕೆ ಅಂತ ಹೋಗಿ ತಾವೇ ಸಿಕ್ಕಾಕ್ಕೊಂಡ್ರು. ನಿಮ್ಮಮ್ಮಂಗೆ ಆಗ ಎಂಟು ವರ್ಷ. ಏಳೋ? ಎಂಟು, ಮೂರನೇ ಕ್ಲಾಸು. ಎರಡು ತಿಂಗಳ ರಜೆ ಅಂತ ಕಾಗದ ಬಂತು, ನಾನು ರಾಗಿ ಬೀಸಿ, ಚಕ್ಲಿ ಸುಟ್ಟು, ಮನೆಗೆ ಸುಣ್ಣ ಹೊಡೆದು ಕಾಯ್ತಾ ಇದ್ದೆ. ಜಾವಗಲ್ ಬಸ್ ಸ್ಟ್ಯಾಂಡಿಗೆ ನಾನೂ ನಿಮ್ಮಮ್ಮ ಸರೋಜಿನೂ ಹೋದೋ. ಬಸ್ಸಿಂದ ಇಳಿದ್ರು, ಕಪ್ಪು ಟ್ರಂಕು, ಕೈಯಲ್ಲಿ ಒಂದು ಬಿದಿರು ಕೋಲು, ತುದಿಗೆ ಕಬ್ಬಿಣದ ಮೊಳೆ. ನಾನು ಅಂದ್ಕೊಂಡೆ, ಕಾಲಿಗೆ ಪೆಟ್ಟಾಗೈತೇನೋ, ಕುಂಟ್ತಾರೇನೋ ಅಂತ. ಕಾಲು ನೆಟ್ಟಗೇ ಇತ್ತು. ಟೀ ಅಂಗಡಿ ರಂಗಪ್ಪ ಅಲ್ಲಿಂದಲೇ ಕೂಗಿದ, 'ಏನ್ಲಾ ಮಂಜಪ್ಪ, ಲಂಕೆ ಸುಟ್ಟು ಬಂದ್ಯಾ? ಬಾಲ ಎಲ್ಲೋ ಕಾಣಲ್ವಲ್ಲೋ!' ಅಂತ. ಎಲ್ಲಾ ನಕ್ಕರು. ನಿಮ್ಮ ತಾತ ಹಿಂದೆ ಹೆಂಗಿದ್ರು ಅಂತೀಯಾ, ಅಂಥ ಮಾತಿಗೆ ಮೊದಲು ನಗೋರೇ ಅವರು, ತಿರುಗಿಸಿ ಎರಡು ಕೊಟ್ಟೂ ಬಿಡೋರು. ಅವತ್ತು ನಗಲಿಲ್ಲ. ರಸ್ತೆ ಪಕ್ಕ ಪೈಪ್ ಹಾಕೋಕೆ ಅಗೆದು ಮುಚ್ಚಿದ್ರು ನೋಡು, ಆ ಹೊಸ ಮಣ್ಣನ್ನೇ ನೋಡ್ತಾ ನಿಂತಿದ್ರು. ಆಮೇಲೆ ನಮ್ಮೂರ ಕಡೆ ನಡ್ಕೊಂಡು ಬಂದೋ. ಟಾರು ರಸ್ತೆ ಇರೋವರೆಗೂ ಚೆನ್ನಾಗೇ ಬಂದ್ರು. ಟಾರು ಮುಗಿದು ನಮ್ಮ ಹೊಲದ ದಾರಿ ಶುರುವಾಗುತ್ತಲ್ಲ, ಅಲ್ಲಿ ನಿಂತ್ಬಿಟ್ರು. ಕೋಲು ತಗೊಂಡು ನೆಲ ಚುಚ್ಚೋದು, ಒಂದು ಹೆಜ್ಜೆ ಇಡೋದು. ಚುಚ್ಚೋದು, ಇಡೋದು. ಕಾಲು ಗಂಟೆ ದಾರಿಗೆ ಎರಡು ಗಂಟೆ ಆಯ್ತು. ಸರೋಜಿ ಅದು ಏನೋ ಆಟ ಅಂದ್ಕೊಂಡು ಕುಣೀತಾ ಮುಂದೆ ಓಡಿದ್ಲು, ಆಗ ಕೂಗಿದ್ರು ನೋಡು... ಆ ಕೂಗು ಬ್ಯಾಡ ಬಿಡು. ಅವಳು ಅಲ್ಲೇ ಉಚ್ಚೆ ಹೊಯ್ಕೊಂಡ್ಲು."

ಅಜ್ಜಿ ಒಂದು ಹಿಡಿ ಕಾಯಿ ಮಡಿಲಿಗೆ ಎಳೆದುಕೊಂಡರು. ಒಳಗೆ ಅಮ್ಮ ಕುಕ್ಕರ್ ಇಟ್ಟ ಸದ್ದಾಯಿತು.

"ಅವಾಗಿಂದ ಮನೇಲಿ ಒಂದು ಕಾನೂನು. ಹೊರಗೆ ಹೋದ್ರೆ ತಾತನ ಹಿಂದೆ ಹೋಗ್ಬೇಕು, ಅವರು ಹೆಜ್ಜೆ ಇಟ್ಟ ಜಾಗದಲ್ಲೇ ಇಡ್ಬೇಕು. ಸಗಣಿ ತಿಪ್ಪೆ ಹತ್ರ ಹೋಗಂಗಿಲ್ಲ. ಉತ್ತ ಹೊಲಕ್ಕೆ ಇಳಿಯಂಗಿಲ್ಲ. ಒಕ್ಕಲು ಮಕ್ಕಳು ಉತ್ತ ಹೊಲಕ್ಕೆ ಇಳೀದೆ ಹೆಂಗೆ ಬದುಕೋದು ಹೇಳು! ನಾನು ನೀರಿಗೆ ಹೋದ್ರೆ ಬಾಗಿಲಲ್ಲಿ ನಿಂತು ನಾನು ಬರೋವರೆಗೂ ನೆಲಾನೇ ನೋಡ್ತಿರೋರು. ಬಾಯಿ ಬಿಡ್ತಿರಲಿಲ್ಲ. ಬೆವರೋರು. ನಂಗೆ ಭಯ ಏನಾಯ್ತು ಅಂದ್ರೆ, ಅವರಿಗೆ ಏನಾಗೈತೆ ಅನ್ನೋದಲ್ಲ ಕಣವ್ವ, ನಿಜ ಹೇಳ್ತೀನಿ, ಊರೋರು ಏನಂತಾರೆ ಅನ್ನೋದು. ಹುಚ್ಚ ಅಂತ ಒಂದು ಸಲ ಊರಲ್ಲಿ ಮಾತು ಎದ್ದರೆ ಆಯ್ತು, ಕೆಲಸ ಹೋಗ್ತದೆ, ನಾಳೆ ಸರೋಜಿನ ಯಾರು ಸೊಸೆಯಾಗಿ ತರ್ತಾರೆ? ಬಾವಿ ಹತ್ರ ಪಕ್ಕದ ಮನೆ ಪುಟ್ಟಮ್ಮ ಕೇಳಿದ್ಲು, 'ಏನ್ ರತ್ನಕ್ಕ, ಯಜಮಾನ್ರು ಬಂದು ಹದಿನೈದು ದಿನ ಆಯ್ತು, ಮುಖಾನೇ ತೋರ್ಸಿಲ್ಲ, ಹೊಸ ಮದುವಣಗಿತ್ತಿ ಥರ ಒಳಗೇ ಇಟ್ಕೊಂಡಿದ್ದೀಯಲ್ಲ?' ಅಂತ. ಎಲ್ಲಾ ಹೆಂಗಸರೂ ಕಿಸಕ್ ಅಂದ್ರು. ನನ್ನ ಬಾಯಿಂದ ಹೆಂಗೆ ಬಂತೋ ಗೊತ್ತಿಲ್ಲ, 'ಕಾಮಾಲೆ ಕಣೇ' ಅಂದ್ಬಿಟ್ಟೆ. ಕಾಮಾಲೆ ಅಂದ್ರೆ ಮರ್ಯಾದಸ್ಥ ಕಾಯಿಲೆ. ಎಲ್ಲಾರಿಗೂ ಬತ್ತದೆ. ಬಿಂದಿಗೆ ಎತ್ಕೊಂಡು ಬಂದೆ, ಎದೆ ಹಗುರಾಯ್ತು, ಏನೋ ಗೆದ್ದಂಗೆ.

"ಗೆದ್ದಿದ್ದು ಎಲ್ಲಿ! ಸಂಜೆ ಒಳಗೆ ಊರಿಗೆ ಊರೇ ಬಂತು. ಕಾಮಾಲೆ ಅಂದ್ರೆ ಪಥ್ಯ ಬೇಕಲ್ಲ. ಉಪ್ಪು ಬ್ಯಾಡ, ಹುಳಿ ಬ್ಯಾಡ, ಖಾರ ಬ್ಯಾಡ, ಎಣ್ಣೆ ಕಣ್ಣಲ್ಲೂ ನೋಡಬ್ಯಾಡ. ಗಂಜಿ, ನೀರು ಮಜ್ಜಿಗೆ. ಪುಟ್ಟಮ್ಮ ದಿನಾ ಊಟದ ಹೊತ್ತಿಗೇ ಬರೋಳು, ಒಗ್ಗರಣೆ ವಾಸನೆ ಬಂದ್ರೆ ಸಾಕು, 'ಅಯ್ಯೋ ರತ್ನಕ್ಕ, ಗಂಡನ್ನ ಸಾಯಿಸ್ತೀಯಾ?' ಅನ್ನೋಳು. ಅದಕ್ಕೇ ನಾನು ಒಗ್ಗರಣೆ ಹಾಕೋದೇ ಬಿಟ್ಟೆ. ಅಟ್ಟದ ತುಂಬಾ ಕೊಬ್ಬರಿ, ಸಾರಿಗೆ ಒಂದು ಚೂರು ಹಾಕಂಗಿಲ್ಲ. ಸರೋಜಿ ತಟ್ಟೆ ಮುಂದೆ ಅಳೋಳು. ತಾತ? ತಾತ ಉಪ್ಪಿಲ್ಲದ ಗಂಜಿ ಇಟ್ರೆ ತಿನ್ನೋರು. ಏನೇ ಇದು, ನಂಗೆಲ್ಲಿದೆ ಕಾಮಾಲೆ, ಒಂದು ಹರಳು ಉಪ್ಪು ಹಾಕೇ ಅಂತ ಬೈದಿದ್ರೆ ನಾನು ದೇವರಿಗೆ ಕೈ ಮುಗೀತಿದ್ದೆ. ಬೈಲಿಲ್ಲ. ಹಿಂದೆ ಸಾರಿಗೆ ಉಪ್ಪು ಒಂದು ಚಿಟಿಕೆ ಹೆಚ್ಚು ಕಮ್ಮಿ ಆದ್ರೆ ತಟ್ಟೆ ತಳ್ಳೋ ಮನುಷ್ಯ ಕಣೇ ಅವರು! ನಂಗೆ ಅವತ್ತು ಇವರು ಇಲ್ಲಿಗೆ ಬಂದೇ ಇಲ್ಲ, ಬರೀ ಬಟ್ಟೆ ಬಂದೈತೆ ಅನ್ನಿಸ್ತು. ಮುಖ ಸಣ್ಣಗಾಗ್ತಾ ಬಂತು, ನೋಡಿದೋರೆಲ್ಲಾ 'ಹ್ಞೂಂ, ಕಾಮಾಲೆನೇ' ಅಂದ್ರು. ನಾನು ಹೇಳಿದ ಸುಳ್ಳನ್ನ ನಾನೇ ಬೇಯಿಸಿ ಬೇಯಿಸಿ ಅವರಿಗೆ ಉಣ್ಣಿಸ್ತಾ ಇದ್ದೆ, ಅದು ನಿಜ ಆಗ್ತಾ ಇತ್ತು."

"ತಾತಂಗೆ ನೀವೇ ಹೇಳ್ಬಹುದಿತ್ತಲ್ಲ ಅಜ್ಜಿ, ಡಾಕ್ಟರ್ ಹತ್ರ ಹೋಗೋಣ ಅಂತ?" ನಾನು ಕೇಳಿದೆ. ಕೇಳಿದ ಮೇಲೆ ನಾಚಿಕೆ ಆಯಿತು.

"ಹೇಳ್ಬಹುದಿತ್ತು. ನಿಮ್ಮಮ್ಮನೂ ಈಗ ಹೇಳ್ಬಹುದು. ನೀನೂ ಹೇಳ್ಬಹುದು. ಹೇಳಿದ್ಯಾ?"

ನಾನು ತಲೆ ತಗ್ಗಿಸಿ ಕಾಯಿ ಸುಲಿದೆ.

"ಇರಲಿ ಬಿಡು, ನಿನ್ನ ಬೈಯಕ್ಕೆ ಹೇಳ್ತಿಲ್ಲ. ಎಲ್ಲಿದ್ದೆ ನಾನು? ಹ್ಞಾಂ, ಸರೋಜಿ. ಅವಳ ಮೊಣಕೈ ನೋಡಿದ್ದೀರಲ್ಲ, ಪೂರ್ತಿ ನೀಟಕ್ಕೆ ಬರಲ್ಲ, ಹಿಂಗೆ ಸ್ವಲ್ಪ ಸೊಟ್ಟ. ಯಾಕೆ ಅಂತ ಹೇಳವ್ಳೆ ನಿಮಗೆ?"

"ಸೀಬೆ ಮರದಿಂದ ಬಿದ್ದಿದ್ದು," ಅಂದಳು ಸಿಂಚನ ತಕ್ಷಣ. ನಮ್ಮ ಮನೆಯಲ್ಲಿ ಅದು ಎಲ್ಲರಿಗೂ ಗೊತ್ತಿದ್ದ ಕಥೆ. ನಾವು ಯಾವುದೇ ಮರ ಹತ್ತಿದರೂ ಅಮ್ಮ ಕೈ ಮುಂದೆ ಚಾಚಿ ತೋರಿಸುತ್ತಿದ್ದಳು.

"ನಮ್ಮ ಹಿತ್ತಲಲ್ಲಿ ಸೀಬೆ ಮರ ಎಲ್ಲಿತ್ತೇ?" ಅಂದರು ಅಜ್ಜಿ. "ಯಾವತ್ತೂ ಇರಲಿಲ್ಲ. ಆ ವರ್ಷ ನಮ್ಮ ಮೈದುನ ಹಿತ್ತಲ ತೋಟದಲ್ಲಿ ತೆಂಗಿನ ಸಸಿ ಇಡೋಕೆ ಗುಂಡಿ ತೋಡಿಸಿದ್ದ. ಸಸಿ ಸಾಲಲಿಲ್ಲ, ಎರಡು ಗುಂಡಿ ಹಂಗೇ ಮುಚ್ಚಿದ್ರು. ಬೆಳಗ್ಗೆ ಸ್ಕೂಲಿಗೆ ಹೊರಟೋಳು, ಎರಡು ಜಡೆ ಹಾಕಿದ್ದೆ, ನಂಗೆ ಕಣ್ಣಿಗೆ ಕಟ್ಟಿದಂಗೈತೆ, ಒಂದು ಟೇಪು ಕೆಂಪು ಒಂದು ನೀಲಿ, ಒಂದೇ ಬಣ್ಣದ್ದು ಎರಡು ಸಿಕ್ಕಿರಲಿಲ್ಲ. ಅವಳು ಮರೆತು ನೇರ ತೋಟದೊಳಗೆ ಓಡಿದ್ಲು. ಆ ಮೆತ್ತನೆ ಮಣ್ಣಿನ ಮೇಲೆ ಕಾಲಿಟ್ಲು. ನಿಮ್ಮ ತಾತ ಬಾಗಿಲಲ್ಲಿದ್ರು. ಅಲ್ಲಿಂದ ಹೆಂಗೆ ಹಾರಿದ್ರೋ, ಮಗೂನ ಕೆಡವಿ, ಅವಳ ಮೇಲೆ ಬೋರಲು ಬಿದ್ದು, ಅವಳ ತಲೇನ ಎದೆ ಕೆಳಗೆ ಅವುಚ್ಕೊಂಡ್ರು. ಲಟಕ್ ಅಂತು. ನಾನು ಒಲೆ ಮುಂದೆ ಇದ್ದೋಳಿಗೆ ಕೇಳಿಸ್ತು ಆ ಸದ್ದು. ಓಡಿ ಹೋದ್ರೆ ಮಗು ಕಿರುಚ್ತಾ ಐತೆ, ಇವರು ಅವಳ ಕಿವೀಲಿ, 'ಅಲ್ಲಾಡಬ್ಯಾಡ ಕಂದ, ಅಲ್ಲಾಡಬ್ಯಾಡ, ನಾನಿದ್ದೀನಿ, ಅಲ್ಲಾಡಬ್ಯಾಡ' ಅಂತ. ಅಷ್ಟು ದಿನದಲ್ಲಿ ಅವರು ಆಡಿದ ಉದ್ದ ಮಾತು ಅದೇ. ಎಳೆದ್ರೆ ಬಿಡ್ತಿಲ್ಲ. ಕಾಪಾಡ್ತಾ ಇದ್ರು ಕಣೇ ಅವರು. ಮಗಳ ಕೈ ಮುರಿದು ಮಗಳನ್ನ ಕಾಪಾಡ್ತಾ ಇದ್ರು.

"ಮೂಳೆ ಕಟ್ಟೋರ ಹತ್ರ ಕರ್ಕೊಂಡೋಗಿ ಕಟ್ಟಿಸ್ದೆ. ದಾರಿಯುದ್ದಕ್ಕೂ ಅವಳಿಗೆ ಹೇಳಿಕೊಟ್ಟೆ, 'ಯಾರಾದ್ರೂ ಕೇಳಿದ್ರೆ ಏನಂತೀಯಾ?' 'ಸೀಬೆ ಮರ.' 'ಇನ್ನೊಂದು ಸಲ?' 'ಸೀಬೆ ಮರದಿಂದ ಬಿದ್ದೆ.' ಎಂಟು ವರ್ಷದ ಮಗು, ಕೈ ಊದಿ ಕುಂಬಳಕಾಯಿ ಆಗೈತೆ, ಬಿಕ್ಕಳಿಸ್ಕೊಂಡು ಬಿಕ್ಕಳಿಸ್ಕೊಂಡು ನನ್ನ ಸುಳ್ಳನ್ನ ಬಾಯಿಪಾಠ ಮಾಡ್ತು. ಇವತ್ತಿಗೂ ಒಪ್ಪಿಸ್ತಾ ಅವ್ಳೆ."

ಒಳಗೆ ಕುಕ್ಕರ್ ಎರಡು ವಿಸಿಲ್ ಹಾಕಿತು. ಮೂರನೆಯದು ಬರುವ ಮೊದಲೇ ಯಾರೋ ಒಲೆ ಆರಿಸಿದರು. ಅಮ್ಮ ನಡುಮನೆಯ ಬಾಗಿಲಿಗೆ ಬಂದು ನಿಂತಿದ್ದು ನನಗೆ ಕಂಡಿತು. ಅಜ್ಜಿ ತಿರುಗಲಿಲ್ಲ.

"ಆಮೇಲೆ ಪುಟ್ಟಮ್ಮ ಬಂದು, 'ರತ್ನಕ್ಕ, ಪಥ್ಯದಲ್ಲಿ ಇಳೀತಿಲ್ಲ, ಮಾದಿಹಳ್ಳಿ ನಂಜಜ್ಜಿ ಸೊಪ್ಪು ಕೊಡ್ತಾಳೆ, ಮೂರು ದಿನಕ್ಕೆ ವಾಸಿ' ಅಂದ್ಲು. ನಂಜಜ್ಜಿ ಕಾಮಾಲೆಗೆ ನೆಲನೆಲ್ಲಿ ಅರೆದು ಹಾಲಲ್ಲಿ ಕೊಡೋಳು, ಒಂದು ಕಾಸು ಮುಟ್ಟಲ್ಲ, ಎಲೆ ಅಡಿಕೆ ತೆಂಗಿನಕಾಯಿ ಇಟ್ರೆ ಸಾಕು. ಆದ್ರೆ ಅವಳದ್ದು ಒಂದು ಪರೀಕ್ಷೆ. ರೋಗಿ ಬೆಳಗಿನ ಉಚ್ಚೇಲಿ ಒಂದು ಹಿಡಿ ಅನ್ನ ನೆನೆಸಿ, ಎಲೇಲಿ ಕಟ್ಕೊಂಡು ತಗೊಂಡೋಗ್ಬೇಕು. ಅನ್ನ ಹಳದಿ ಆಗಿದ್ರೆ ಕಾಮಾಲೆ."

"ಛೀ!" ಅಂದಳು ಸಿಂಚನ.

"ಛೀ ಏನು ಬಂತು, ಈಗ ಲ್ಯಾಬಲ್ಲಿ ಬಾಟ್ಲೀಲಿ ಕೊಡಲ್ವಾ? ಪುಟ್ಟಮ್ಮ ಜೊತೇಲೇ ಬತ್ತೀನಿ ಅಂತ ಕೂತವ್ಳೆ. ಒಳಗೆ ಬಂದು ನೋಡ್ದೆ, ಅನ್ನ ಬೆಳ್ಳಗೆ ಮಲ್ಲಿಗೆ ಹೂವಿನಂಗೈತೆ! ಏನು ಮಾಡ್ಲಿ? ಡಬ್ಬದಿಂದ ಒಂದು ಚಿಟಿಕೆ ಅರಿಶಿನ ತೆಗೆದು ಕಲೆಸ್ಬಿಟ್ಟೆ. ಸಾಲಲ್ಲ ಅನ್ನಿಸ್ತು, ಇನ್ನೊಂದು ಚಿಟಿಕೆ. ಎಲೆ ಕಟ್ಟಿ, ಜಾವಗಲ್ಲಿಂದ ಹಳೇಬೀಡು, ಅಲ್ಲಿಂದ ಮಾದಿಹಳ್ಳಿ. ಬಸ್ಸಲ್ಲಿ ಅದನ್ನ ಮಡಿಲಲ್ಲಿ ಇಟ್ಕೊಂಡು ಕೂತಿದ್ದೀನಿ, ಪುಟ್ಟಮ್ಮ ಅವಳ ಅತ್ತೆ ವಿಷಯ ಹೇಳ್ತಾನೇ ಅವ್ಳೆ. ನಂಜಜ್ಜಿ ಜಗಲಿ ಮೇಲೆ ಕೂತಿದ್ಲು, ಬಾಯಲ್ಲಿ ಹಲ್ಲಿಲ್ಲ, ಕಣ್ಣು ಮಾತ್ರ ಗಿಡುಗ. ಎಲೆ ಬಿಚ್ಚಿದ್ಲು. ನೋಡಿದ್ಲು. ಮೂಸಿದ್ಲು. ಪುಟ್ಟಮ್ಮಂಗೆ, 'ಲೇ ಹುಡುಗಿ, ಹೋಗಿ ಕೆರೆ ಹತ್ರ ಒಂದು ಹಿಡಿ ಗರಿಕೆ ಕಿತ್ಕೊಂಡು ಬಾ' ಅಂತ ಕಳಿಸಿದ್ಲು. ಅವಳು ಆ ಕಡೆ ಹೋದ ಮೇಲೆ ನನ್ನ ಕೈ ಹಿಡ್ಕೊಂಡು ಬೆರಳು ತಿರುಗಿಸಿ ಉಗುರು ನೋಡಿದ್ಲು, ಸಂದೀಲಿ ಅರಿಶಿನ ಹಂಗೇ ಐತೆ. 'ಏನವ್ವ, ನಿನ್ನ ಗಂಡನ ಉಚ್ಚೇನ ಹುಳಿಗೆ ಹಾಕೋಕೆ ರೆಡಿ ಮಾಡ್ಕೊಂಡು ಬಂದಿದ್ದೀಯಾ?' ಅಂದ್ಲು. ನಂಗೆ ನಗು ಬಂತು. ನಗ್ತಾ ನಗ್ತಾ ಅಳು ಬಂತು. ಎಷ್ಟು ಅತ್ತೆ ಅಂತೀಯಾ, ಮೂಗು ಒರೆಸಕ್ಕೆ ಸೆರಗು ಸಾಲಲಿಲ್ಲ. ಎಲ್ಲಾ ಹೇಳ್ಬಿಟ್ಟೆ. ಕೋಲು, ಹೆಜ್ಜೆ, ಗುಂಡಿ, ಮಗು ಕೈ, ಸೀಬೆ ಮರ. ಅವಳು ಎಲ್ಲಾ ಕೇಳಿ, ಎಲೆ ಮಡಚಿ ಪಕ್ಕಕ್ಕಿಟ್ಟು, 'ನನ್ನ ಸೊಪ್ಪು ಕಾಮಾಲೆಗೆ ಮಾತ್ರ ಕಣವ್ವ. ನೀನು ಹೇಳ್ತಿರೋದು ಬೇರೆ ಕಾಯಿಲೆ. ಅದಕ್ಕೂ ಎಲ್ಲೋ ಸೊಪ್ಪು ಇರ್ತದೆ, ಕೊಡೋರೂ ಇರ್ತಾರೆ. ನೀನು ಬ್ಯಾರೆ ಹೆಸರು ಹೇಳ್ಕೊಂಡು ಓಡಾಡಿದ್ರೆ ಅವರು ನಿಂಗೆ ಹೆಂಗೆ ಸಿಕ್ಕಾರು? ಬೇಲೂರಿಗೆ ಹೋಗು, ಸರ್ಕಾರಿ ಡಾಕ್ಟ್ರಿಗೆ ಇದೇ ಮಾತು ಹೇಳು, ಒಂದಕ್ಷರ ಬಿಡಬ್ಯಾಡ. ಮೊದಲು ಅವನಿಗೆ ಉಪ್ಪು ಹಾಕಿ ಅನ್ನ ಹಾಕು' ಅಂದ್ಲು.

"ರಜೆ ಮುಗಿಯೋಕೆ ಐದು ದಿನ ಇತ್ತು. ಹೇಳದೆ ಕೇಳದೆ ನಿಂತ್ರೆ ಓಡಿಹೋದ ಅಂತ ಬರ್ಕೊಂಡು ಹಿಡಿಯಕ್ಕೆ ಬತ್ತಾರೆ, ಹೋದ್ರೆ ಮತ್ತೆ ಬಂದೂಕ ಕೊಟ್ಟು ಹಡಗಿಗೆ ಹತ್ತಿಸ್ತಾರೆ. ಎರಡಕ್ಕೂ ಭಯ. ಮಾರನೇ ಬೆಳಗ್ಗೆ ಬೇಲೂರಿಗೆ ಹೊರಟು ಇವರಿಗೆ, 'ನಾನು ಮುಂದೆ ಹೋಯ್ತೀನಿ, ನನ್ನ ಹೆಜ್ಜೆ ಮೇಲೆ ಕಾಲಿಟ್ಕೊಂಡು ಬನ್ನಿ' ಅಂದೆ. ಬುದ್ಧಿವಂತಳು ಅಂದ್ಕೊಂಡಿದ್ದೆ ನನ್ನನ್ನ. 'ಮುಂದೆ ಹೋಗ್ಬ್ಯಾಡ!' ಅಂತ ನನ್ನ ಕೈ ಹಿಡಿದು ಎಳೆದ್ರು, ಬಳೆ ಒಡೆದೋಯ್ತು. ಕೊನೆಗೆ ಇಬ್ಬರೂ ಅಕ್ಕಪಕ್ಕ, ಕೈ ಹಿಡ್ಕೊಂಡು, ಬದು ಮೇಲೆ ಜಾಗ ಸಾಲದೆ ನಾನು ಒಂದು ಕಾಲು ಕಾಲುವೆ ಒಳಗೆ ಇಟ್ಕೊಂಡು ಹೋದೋ. ಗಂಡ ಹೆಂಡತಿ ಕೈ ಹಿಡ್ಕೊಂಡು ಹೋಗ್ತಾ ಅವ್ರೆ ಅಂತ ಊರೆಲ್ಲಾ ಬಾಗಿಲಿಗೆ ಬಂದು ನೋಡ್ತು. ನೋಡ್ಲಿ ಅತ್ಲಾಗೆ.

"ಬೇಲೂರಲ್ಲಿ ಡಾಕ್ಟ್ರು, 'ಏನಮ್ಮ ತೊಂದ್ರೆ?' ಅಂದ್ರು. ನನ್ನ ನಾಲಿಗೆ ಮೇಲೆ ಕಾಮಾಲೆ ಬಂದು ಕೂತಿತ್ತು. ನುಂಗ್ದೆ. 'ಇವರಿಗೆ ನೆಲ ಅಂದ್ರೆ ಭಯ ಸ್ವಾಮಿ' ಅಂದೆ. ಆ ಡಾಕ್ಟ್ರು ನಗಲಿಲ್ಲ. ಪೆನ್ನು ಕೆಳಗಿಟ್ಟು ಇವರನ್ನ ಕೇಳಿದ್ರು, 'ನೆಲದಲ್ಲಿ ಏನಿತ್ತು ಮಂಜಪ್ಪನೋರೆ?' ಅಷ್ಟೇ ಕೇಳಿದ್ದು. ಇವರು ಕೋಲನ್ನ ತೊಡೆ ಮೇಲೆ ಅಡ್ಡ ಇಟ್ಕೊಂಡು ಹೇಳಿದ್ರು. ಮಣ್ಣಲ್ಲಿ ಬಾಂಬು ಹೂತಿಡ್ತಿದ್ರಂತೆ ಅಲ್ಲಿ. ಇವರ ಕೆಲಸಾನೇ ದಾರಿ ಚುಚ್ಚಿ ನೋಡೋದು. ಒಂದಿನ ನೋಡಿ, ಏನೂ ಇಲ್ಲ ಬನ್ನಿ ಅಂತ ಕೈ ತೋರಿಸಿದ್ರಂತೆ. ಮೂರು ಜನ ಬಂದ್ರಂತೆ. 'ನಾನೇ ಬನ್ನಿ ಅಂದೆ ಸಾರ್' ಅಂದ್ರು. 'ನಾನೇ ಬನ್ನಿ ಅಂದೆ.' ಅಷ್ಟನ್ನೇ ಎಷ್ಟು ಸಲ ಅಂದ್ರು ಅಂತೀಯಾ. ಅಷ್ಟೊತ್ತಿಗೆ ಹತ್ತು ವರ್ಷ ಸಂಸಾರ ಮಾಡಿದ್ದೆ, ಅವರು ಅಳೋದು ಅವತ್ತೇ ನೋಡಿದ್ದು. ಡಾಕ್ಟ್ರು, 'ಇದಕ್ಕೆ ಹೆಸರಿದೆ ಕಣಮ್ಮ, ಔಷಧೀನೂ ಇದೆ, ಹುಚ್ಚಲ್ಲ' ಅಂತ ಇಂಗ್ಲಿಷಲ್ಲಿ ಏನೋ ಉದ್ದಕ್ಕೆ ಒಂದು ಹೆಸರು ಹೇಳಿದ್ರು. ನಂಗೆ ಬರಲ್ಲ ಅದು."

ಆ ಹೆಸರು ನನಗೆ ಬರುತ್ತಿತ್ತು. ಹತ್ತು ದಿನದಿಂದ ಫೋನಿನಲ್ಲಿ ಅದನ್ನೇ ಓದುತ್ತಿದ್ದೆ. ಮನೆಯಲ್ಲಿ ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ.

"ಆಮೇಲೆ ಹಾಸನದಲ್ಲಿ ಮನಸ್ಸಿನ ಡಾಕ್ಟ್ರು, ಅಲ್ಲಿಂದ ಕಾಗದ ತಗೊಂಡು ಬೆಂಗಳೂರಲ್ಲಿ ಮಿಲಿಟರಿ ಆಸ್ಪತ್ರೆ. ತಕ್ಷಣ ವಾಸಿ ಆಯ್ತು ಅಂತ ತಿಳ್ಕೋಬ್ಯಾಡ. ಮಾತ್ರೆ ತಗೊಂಡ್ರೆ ಕೈ ನಡುಗೋದು, ಬಾಯಿ ಒಣಗೋದು, ಒಂದು ಸಲ ಎಲ್ಲಾ ಮಾತ್ರೇನೂ ಕಿಟಕಿಯಿಂದ ಎಸೆದಿದ್ರಂತೆ. ಮತ್ತೆ ಮೊದಲಿನಂಗೇ ಆಯ್ತು, ಮತ್ತೆ ಮೊದಲಿಂದ ಶುರು. ಅಲ್ಲಿ ಇಂಥೋರೇ ಎಂಟು ಹತ್ತು ಜನ ಸುತ್ತ ಕೂತು ಮಾತಾಡ್ಬೇಕಂತೆ. ಇವರು ಒಂದು ತಿಂಗಳು ಕೇಳಿದ್ರಂತೆ ಅಷ್ಟೇ. ಆಮೇಲೆ ಆಸ್ಪತ್ರೆ ತೋಟದಲ್ಲಿ ಹೂವಿನ ಪಾತಿ ಮಾಡೋ ಕೆಲಸ ಕೊಟ್ರಂತೆ, ಡಾಕ್ಟ್ರು ಪಕ್ಕದಲ್ಲಿ ಚಪ್ಪಲಿ ಬಿಟ್ಟು ನಿಂತ್ಕೊಳ್ಳೋರಂತೆ, ಅಗೆದ ಮಣ್ಣಲ್ಲಿ. ಇವರು ಮೊದಲ ದಿನ ಹೆಬ್ಬೆರಳು ಇಟ್ರಂತೆ. ಒಂದು ವಾರ ಆದ ಮೇಲೆ ಒಂದು ಪಾದ. ಕೆಲಸ ಹೋಗಲಿಲ್ಲ, ಉಗ್ರಾಣಕ್ಕೆ ಹಾಕಿದ್ರು. ಪೆನ್ಶನ್ ತಗೊಂಡೇ ಬಂದ್ರು. ನೀವು ನೋಡಿದ್ದೀರಲ್ಲ, ಇದೇ ತೋಟದಲ್ಲಿ ಬರಿಗಾಲಲ್ಲಿ ಓಡಾಡ್ತಿದ್ರಲ್ಲ."

ನೋಡಿದ್ದೆವು. ತಾತ ತೀರಿಕೊಂಡು ನಾಲ್ಕು ವರ್ಷ. ಅವರ ಕೈಯಲ್ಲಿ ಯಾವಾಗಲೂ ಕೋಲು ಇರುತ್ತಿತ್ತು, ವಯಸ್ಸಾಗಿದೆ ಅದಕ್ಕೆ ಅಂದುಕೊಂಡಿದ್ದೆ.

ಕಿಟಕಿ ನಾಲ್ಕು ಬೆರಳಗಲ ತೆರೆದಿತ್ತು. ಯಾವಾಗ ತೆರೆಯಿತು ಅಂತ ನಾನು ನೋಡಿರಲಿಲ್ಲ. ಅಜ್ಜಿ ನೋಡಿದ್ದರು ಅಂತ ಕಾಣುತ್ತದೆ, ಯಾಕೆಂದರೆ ಅವರು ಆ ಕಡೆ ಕಣ್ಣೇ ಹಾಯಿಸಲಿಲ್ಲ, ಖಾಲಿಯಾದ ಮೊರದಲ್ಲಿ ಬೆರಳಾಡಿಸುತ್ತಾ ಕೂತಿದ್ದರು.

"ಅಜ್ಜಿ," ಒಳಗಿನಿಂದ ಕಿರಣನ ದನಿ ಬಂತು. "ತಾತ ಆ ಕೋಲು ಯಾವಾಗ ಬಿಟ್ರು?"

ಅಜ್ಜಿ ಮೊರ ಪಕ್ಕಕ್ಕಿಟ್ಟರು. "ಬಿಡ್ಲಿಲ್ಲ ಕಣಪ್ಪ. ನಿನ್ನತ್ರ ಯಾಕೆ ಸುಳ್ಳು ಹೇಳ್ಲಿ. ಚುಚ್ಚೋದು ಬಿಟ್ರು. ಕೋಲು ಕೈಯಲ್ಲಿ ಇಟ್ಕೊಂಡೇ ಎಲ್ಲಾ ಕಡೆ ಹೋದ್ರು. ನಿಮ್ಮಮ್ಮನ ಮದುವೇಲೂ ಇತ್ತು, ಕೈ ಹಿಡಿದು ಧಾರೆ ಎರೆಯೋವಾಗ ಮಾತ್ರ ನಂಗೆ ಕೊಟ್ಟಿದ್ರು."

ಆಗ ಅಮ್ಮನ ಫೋನು ರಿಂಗಾಯಿತು. ಅಮ್ಮ ಬಾಗಿಲಲ್ಲೇ ನಿಂತು ಅದನ್ನು ನೋಡಿದಳು, ಎತ್ತಲಿಲ್ಲ. ಫೋನ್ ಹಿಡಿದ ಕೈಯ ಮೊಣಕೈ ಸೊಟ್ಟಗೇ ನಿಂತಿತ್ತು.

"ಎತ್ತೇ ಸರೋಜಿ," ಅಂದರು ಅಜ್ಜಿ.

ಅಮ್ಮ ಎತ್ತಿದಳು. "ಹ್ಞಾಂ ಅತ್ತಿಗೆ. ಹ್ಞೂಂ. ಇಲ್ಲ, ಪ್ಲೇಟ್ಲೆಟ್ಟು..." ಅಲ್ಲಿಗೆ ನಿಂತಳು. ಕಿಟಕಿ ನೋಡಿದಳು. "ಡೆಂಗೆ ಅಲ್ಲ ಅತ್ತಿಗೆ. ಅವನಿಗೆ ನಿದ್ದೆ ಬರ್ತಿಲ್ಲ. ಜೊತೆಯವನು ಸತ್ತಾಗಿಂದ. ಭಯ ಬೀಳ್ತಾನೆ. ನಾಳೆ ಹಾಸನಕ್ಕೆ ಕರ್ಕೊಂಡೋಗ್ತೀವಿ." ಆ ಕಡೆಯಿಂದ ಏನು ಕೇಳಿದರೋ, ಅಮ್ಮ ಅಳುತ್ತಾ, "ಮನಸ್ಸಿನ ಡಾಕ್ಟ್ರ ಹತ್ರಾನೇ ಕಣ್ರೀ," ಅಂದಳು.

ಅಜ್ಜಿ ಮಡಿಲಿನ ಸಿಪ್ಪೆ ಕೊಡವಿ ಎದ್ದರು.

"ಹೊಟ್ಟೆ ನೋವಿಗೆ ತಲೆ ನೋವಿನ ಮಾತ್ರೆ ಕೊಟ್ರೆ ಹೊಟ್ಟೆ ನಿಲ್ತದಾ? ಎಲ್ಲಿ ನೋಯ್ತೈತೋ ಅದನ್ನೇ ಹೇಳ್ಬೇಕು, ಅಷ್ಟೇ. ಏಳ್ರೇ, ಕಾಳು ಒಳಗೆ ತಗೊಂಡು ಹೋಗಿ. ಸಾರಿಗೆ ಉಪ್ಪು ಹಾಕಿದ್ಯಾ ಕೇಳಿ ನಿಮ್ಮಮ್ಮನ್ನ."